ನೋಡಿ ಕೊಯ್ಯುವ ವಿದ್ಯೆ

೧೯೯೪ರ ಬೇಸಿಗೆ. ಕಿಲ್ಲಾರಿಯ ಭೂಕಂಪವಾಗಿ ಏಳೆಂಟು ತಿಂಗಳು ಕಳೆದಿದ್ದವು. ನಮ್ಮ ಔರಾದ ಶಹಾಜನಿಯಲ್ಲಿ ನಮ್ಮ ಮನೆಯವರು ಇನ್ನೂ ಅಂಗಳದಲ್ಲಿಯೇ ಮಲಗುತ್ತಿದ್ದರು. ಹಾಗೆ ಮಲಗಿದ್ದ ಒಂದು ರಾತ್ರಿ ಚಿಗವ್ವ ನನ್ನ ಕೈಯನ್ನು ಹಿಡಿದು ತನ್ನ ಎಡ ಎದೆಯ ಮೇಲಿಟ್ಟುಕೊಂಡು, “ಇದೇನು ನೋಡವ್ವಾ, ಹುಣಸಿಬೀಜದಷ್ಟಿತ್ತು, ಈಗ ಅಡಿಕಿಯಷ್ಟಾಗೇದ” ಎಂದಳು. ನಾನು ಆಗ ಉದಗೀರದಲ್ಲಿ ಬಿ.ಎಸ್‌ಸಿ. ಓದುತ್ತಿದ್ದೆ. ಮನೆಯಲ್ಲಿ ವಿಜ್ಞಾನ ಕಲಿತವಳು ನಾನೊಬ್ಬಳೇ ಆದುದರಿಂದ ಮುಂದಿನ ಓಡಾಟವೆಲ್ಲ ನನ್ನ ಪಾಲಿಗೆ ಬಂದಿತು.

ಒಂದು ಊರಿನ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಸ್ತನವನ್ನೂ ಕಂಕುಳಲ್ಲಿಯ ಕೊಬ್ಬನ್ನೂ ಕೂಡಿಯೇ ತೆಗೆದರು. ತೆಗೆದದ್ದನ್ನು ಒಂದು ಸಣ್ಣ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುರುಕಿ, ಅರ್ಧಕ್ಕೆ ಬರುವಷ್ಟು ಔಷಧ ಸುರಿದು, ದೊಡ್ಡ ಊರಿಗೆ ತಪಾಸಣೆಗೆ ಒಯ್ಯಿರಿ ಎಂದು ನನ್ನ ಕೈಗೆ ಕೊಟ್ಟರು. ಅಂದು ಶನಿವಾರ. ಪ್ರಯೋಗಶಾಲೆ ತೆರೆಯುವುದು ಸೋಮವಾರ. ಎರಡು ರಾತ್ರಿ ಆ ಡಬ್ಬಿ ನಮ್ಮ ಮನೆಯ ಜೋಳದ ಚೀಲಗಳ ಮರೆಯಲ್ಲಿ ಕುಳಿತಿತ್ತು. ಸೋಮವಾರ ನಸುಕಿನಲ್ಲಿ ಅದನ್ನು ಕೈಚೀಲದಲ್ಲಿಟ್ಟು, ತೊಡೆಯ ಮೇಲಿಟ್ಟುಕೊಂಡು ಎಸ್.ಟಿ. ಬಸ್ಸಿನಲ್ಲಿ ಹೊರಟೆ.

ಅಲ್ಲಿಯ ಡಾಕ್ಟರ್ ಸಾಹೇಬರು ಸಜ್ಜನರು. ಡಬ್ಬಿಯನ್ನು ಕತ್ತರಿಸಿಯೇ ಅದನ್ನು ಹೊರತೆಗೆಯಬೇಕಾಯಿತು. ಮೇಲೆ ಗಟ್ಟಿಯಾಗಿದೆ, ಒಳಗೆ ಕೊಳೆತಿದೆ ಎಂದು ಅವರು ನಿಟ್ಟುಸಿರಿಟ್ಟರು. ಕ್ಯಾನ್ಸರ್ ಹೌದೆಂಬುದು ಮಾತ್ರ ತಿಳಿಯಿತು. ಅಂಚಿನವರೆಗೆ ಹಬ್ಬಿತ್ತೇ, ಕಂಕುಳಿನ ಎಷ್ಟು ಗ್ರಂಥಿಗಳಿಗೆ ಇಳಿದಿತ್ತು ಎಂಬುದನ್ನು ಹೇಳಲು ಬರುವಂತಿಲ್ಲವೆಂದು ಬರೆದುಕೊಟ್ಟರು. ಮುಂದಿನ ಚಿಕಿತ್ಸೆಯೆಲ್ಲ ಅಂದಾಜಿನ ಮೇಲೆಯೇ ನಡೆಯಿತು.

ಊರಿಗೆ ಮರಳಿದಾಗ ಚಿಗವ್ವ ಕೇಳಿದಳು: “ನನ್ನ ಮೈಯಿಂದ ತೆಗೆದದ್ದನ್ನ ಏನ್ ಮಾಡಿದ್ರವ್ವಾ? ಮಣ್ಣಿಗಿಟ್ರೇನು?”

“ಇಲ್ಲ ಚಿಗವ್ವಾ, ಪರೀಕ್ಷಾಕ್ಕ ಕೊಟ್ಟು ಬಂದೀನಿ.”

“ಏನಂತು ಅದು?”

ನಾನು ಉತ್ತರ ಕೊಡಲಿಲ್ಲ. ಚಿಗವ್ವ ಮೂರು ವರ್ಷ ಬದುಕಿದಳು. ಡಬ್ಬಿ ದೊಡ್ಡದಾಗಿದ್ದರೆ ಅವಳು ಉಳಿಯುತ್ತಿದ್ದಳೆಂದು ನಾನು ಹೇಳಲಾರೆ. ಆದರೆ ಅವಳ ಪ್ರಶ್ನೆಗೆ ಉತ್ತರ ಆ ಡಬ್ಬಿಯಲ್ಲಿಯೇ ಇತ್ತು, ನಾವು ಅದನ್ನು ಕೊಳೆಯಗೊಟ್ಟೆವು ಎಂಬುದನ್ನು ಇಂದಿಗೂ ಮರೆಯಲಾರೆ.

ಆ ಪ್ರಶ್ನೆಯೇ ನನ್ನನ್ನು ಪ್ರಯೋಗಶಾಲೆಯ ಕೆಲಸಕ್ಕೆ ಎಳೆದೊಯ್ದಿತು. ಡಿ.ಎಂ.ಎಲ್.ಟಿ. ಮುಗಿಸಿ ಕೆಲವು ವರ್ಷ ಇಲ್ಲಿಯೇ ದುಡಿದೆ. ಮದುವೆಯಾದ ಮೇಲೆ ಯಜಮಾನರ ನೌಕರಿಯ ನಿಮಿತ್ತ ಇಂಗ್ಲೆಂಡಿಗೆ ಹೋದೆ. ಅಲ್ಲಿ ಬೇಕಾದ ಓದನ್ನು ಪೂರೈಸಿ ಒಂದು ಆಸ್ಪತ್ರೆಯ ಪ್ರಯೋಗಶಾಲೆಯನ್ನು ಸೇರಿದೆ. ವೈದ್ಯಳಲ್ಲದ ನನ್ನ ಕೈಗೆ ಅಲ್ಲಿ ಒಂದು ದಿನ ಚೂರಿಯನ್ನು ಕೊಟ್ಟು, ಕ್ಯಾನ್ಸರಿನ ಗಂಟನ್ನು ಕೊಯ್ಯುವುದನ್ನು ಕಲಿಸಿದರು. ಆ ವಿದ್ಯೆಯ ವಿಷಯವನ್ನೇ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ.

ಗಂಟನ್ನು ಹಾಗೆಯೇ ಸೂಕ್ಷ್ಮದರ್ಶಕದ ಕೆಳಗೆ ಇಡಲಾಗುವುದಿಲ್ಲ. ಅದರಿಂದ ಹೆಬ್ಬೆರಳಿನ ಉಗುರಿನಷ್ಟು ತುಣುಕುಗಳನ್ನು ಆರಿಸಿ, ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿಗೆ ಸುಮಾರು ಮುನ್ನೂರು ಪದರು ಬರುವಷ್ಟು ತೆಳ್ಳಗೆ ಹೆರೆದು, ಬಣ್ಣ ಕಟ್ಟಿ ಗಾಜಿನ ಮೇಲಿಡುತ್ತಾರೆ. ಪೆಥಾಲಜಿಸ್ಟರು ಎಷ್ಟೇ ಪಂಡಿತರಿರಲಿ, ಗಾಜಿನ ಮೇಲೆ ಬಂದುದನ್ನಷ್ಟೇ ನೋಡಬಲ್ಲರು. ಗಾಜಿನ ಮೇಲೆ ಏನು ಬರಬೇಕೆಂಬುದನ್ನು ನಿರ್ಧರಿಸುವುದು ಚೂರಿ. ಆರಿಸುವಾಗ ಬಿಟ್ಟುಹೋದ ರೋಗ ವರದಿಯಲ್ಲಿಯೂ ಬಿಟ್ಟುಹೋಗುತ್ತದೆ.

ಇದಕ್ಕೊಂದು ನಿದರ್ಶನ ಕೊಡುತ್ತೇನೆ. ೧೯೮೬ರಲ್ಲಿ ಲೀಡ್ಸ್ ನಗರದ ಫಿಲಿಪ್ ಕ್ವರ್ಕ್ ಮತ್ತು ಅವರ ಸಂಗಡಿಗರು ಗುದನಾಳದ ಕ್ಯಾನ್ಸರಾಗಿದ್ದ ೫೨ ರೋಗಿಗಳಿಂದ ತೆಗೆದ ಭಾಗಗಳನ್ನು ಅಡ್ಡಲಾಗಿ ಬಿಲ್ಲೆಬಿಲ್ಲೆಯಾಗಿ ಕೊಯ್ದು, ಸುತ್ತಲಿನ ಅಂಚನ್ನೆಲ್ಲ ಪರೀಕ್ಷಿಸಿದರು. ೧೪ ಜನರಲ್ಲಿ ರೋಗವು ಪಕ್ಕದ ಅಂಚಿಗೆ ಮುಟ್ಟಿತ್ತು. ಅವರಲ್ಲಿ ಹೆಚ್ಚಿನವರಿಗೆ ಅದೇ ಸ್ಥಳದಲ್ಲಿ ರೋಗ ಮರುಕಳಿಸಿತು. ರೋಗ ಹಿಂದಿರುಗಿ ಬರುವುದು ಬರಿಯ ದುರ್ದೈವವಲ್ಲ, ಎಷ್ಟೋ ಸಲ ಒಳಗೇ ಉಳಿದುಹೋದ ರೋಗ ಎಂಬುದು ಹೀಗೆ ತಿಳಿದುಬಂದಿತು. ಶಸ್ತ್ರವೈದ್ಯರು ತಮ್ಮ ಕ್ರಮವನ್ನು ತಿದ್ದಿಕೊಳ್ಳುವುದಕ್ಕೂ ಇಂಥ ಶೋಧಗಳು ಕಾರಣವಾದವು. ಕೊಯ್ಯುವ ರೀತಿ ಬದಲಾದುದರಿಂದ ಕಾಣುವ ಸತ್ಯ ಬದಲಾಯಿತು.

ಮೊದಲ ಕೆಲವು ವಾರ ನನ್ನ ಗುರುಗಳು ಚೂರಿಯನ್ನು ಮುಟ್ಟಗೊಡಲಿಲ್ಲ. ಡಬ್ಬಿಯ ಮೇಲಿನ ಹೆಸರೂ ಕಾಗದದ ಮೇಲಿನ ಹೆಸರೂ ಒಂದೇ ಹೌದೋ ಅಲ್ಲವೋ ನೋಡಬೇಕು. ತೂಗಬೇಕು, ಅಳೆಯಬೇಕು. ಶಸ್ತ್ರವೈದ್ಯರು ಹಾಕಿದ ದಾರದ ಗುರುತಿನಿಂದ ಮೇಲು ಯಾವುದು, ಪಕ್ಕ ಯಾವುದು ಎಂದು ತಿಳಿಯಬೇಕು. ಕಣ್ಣಿಗೆ ಕಂಡುದನ್ನು, ಕಾಣದವನಿಗೂ ಚಿತ್ರ ಮೂಡುವಂತೆ ಮಾತಿನಲ್ಲಿ ಹೇಳಬೇಕು. ಅನಂತರ ಒಂದೊಂದು ಮಗ್ಗುಲಿಗೆ ಒಂದೊಂದು ಬಣ್ಣದ ಮಸಿ ಬಳಿಯಬೇಕು. ಸೂಕ್ಷ್ಮದರ್ಶಕದಲ್ಲಿ ಆ ಮಸಿಯೇ ಊರಿನ ಗಡಿಕಲ್ಲು. ರೋಗದ ಕಣಗಳು ಮಸಿಯನ್ನು ಮುಟ್ಟಿದ್ದರೆ ರೋಗ ಒಳಗೆ ಉಳಿದಿರಬಹುದು. ಇಷ್ಟಾದ ಮೇಲೆಯೇ ಕೊಯ್ಯುವುದು.

ಕೊಬ್ಬಿನಲ್ಲಿ ಅಡಗಿದ ದುಗ್ಧಗ್ರಂಥಿಗಳನ್ನು ಕಣ್ಣಿಗಿಂತ ಬೆರಳೇ ಚೆನ್ನಾಗಿ ಹುಡುಕುತ್ತದೆ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಕನಿಷ್ಠ ೧೨ ಗ್ರಂಥಿಗಳನ್ನಾದರೂ ಪರೀಕ್ಷಿಸಬೇಕೆಂಬ ನಿಯಮವುಂಟು. ಕಡಿಮೆ ಸಿಕ್ಕರೆ ರೋಗ ಹಬ್ಬಿಲ್ಲವೆಂಬ ಮಾತಿಗೆ ಬಲವಿಲ್ಲ. ನನಗೆ ಅವು ಬೇಗ ಬೇಗ ಸಿಕ್ಕುವುದನ್ನು ಕಂಡು ಗುರುಗಳು ಆಶ್ಚರ್ಯಪಟ್ಟರು. ಅವ್ವನ ಹತ್ತಿರ ಕುಳಿತು ಮೊರದಲ್ಲಿ ತೊಗರಿಬೇಳೆಯ ಹರಳು ಆರಿಸಿದ ಕೈ ಇದು ಎಂದು ಅವರಿಗೆ ಹೇಳಿದೆ.

ಒಂದು ತಪ್ಪನ್ನೂ ಮರೆಮಾಚದೆ ಹೇಳಬೇಕು. ಎರಡನೆಯ ವರ್ಷ, ಕೈ ಸ್ವಲ್ಪ ಪಳಗಿದೆಯೆಂಬ ಧೈರ್ಯದಲ್ಲಿ, ಒಬ್ಬ ಹೆಂಗಸಿನ ಸ್ತನದ ಗಂಟಿನ ಒಂದು ಮಗ್ಗುಲಿಗೆ ಮಸಿ ಹಚ್ಚುವುದನ್ನು ಮರೆತು ಕೊಯ್ದುಬಿಟ್ಟೆ. ಕೊಯ್ದದ್ದು ಮತ್ತೆ ಕೂಡುವುದಿಲ್ಲ. ಗುರುಗಳು ಬೈಯಲಿಲ್ಲ, ಶಸ್ತ್ರವೈದ್ಯರಿಗೆ ನಾನೇ ಫೋನ್ ಮಾಡಿ ತಿಳಿಸಬೇಕೆಂದರು. ಆ ಮಗ್ಗುಲಿನ ಅಂಚನ್ನು ಖಚಿತವಾಗಿ ಹೇಳಲು ಬರುವುದಿಲ್ಲವೆಂದು ವರದಿಯಲ್ಲಿ ಬರೆಯಬೇಕಾಯಿತು. ಆ ಸಾಲನ್ನು ನಾನು ಹಿಂದೊಮ್ಮೆ ಓದಿದ್ದೆ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಈಗ ನನ್ನ ಕೈಕೆಳಗೆ ಕಲಿಯಲು ಬರುವವರಿಗೆ ಈ ಕಥೆಯನ್ನು ಮೊದಲ ದಿನವೇ ಹೇಳುತ್ತೇನೆ.

ವೈದ್ಯರಲ್ಲದವರ ಕೈಗೆ ಇದನ್ನು ಕೊಡಬಹುದೇ ಎಂದು ತಾವು ಕೇಳಬಹುದು. ಅಮೇರಿಕೆಯ ಡ್ಯೂಕ್ ವಿಶ್ವವಿದ್ಯಾಲಯವು ಇಂಥ ಸಹಾಯಕರ ಶಿಕ್ಷಣವನ್ನು ೧೯೬೯ರಲ್ಲಿಯೇ ಆರಂಭಿಸಿತು. ಬ್ರಿಟನ್ನಿನಲ್ಲಿ ಪ್ರಯೋಗಶಾಲಾ ವಿಜ್ಞಾನಿಗಳ ಸಂಸ್ಥೆಯೂ ಪೆಥಾಲಜಿಸ್ಟರ ರಾಯಲ್ ಕಾಲೇಜೂ ಕೂಡಿ ಪರೀಕ್ಷೆ ನಡೆಸಿ ಪದವಿಪತ್ರ ಕೊಡುತ್ತವೆ. ಅಲ್ಲಿ ಮಾದರಿಗಳನ್ನು ಕಷ್ಟಕ್ಕೆ ತಕ್ಕಂತೆ ಐದು ವರ್ಗ ಮಾಡಿದ್ದಾರೆ. ಸುಲಭದಿಂದ ಕಠಿನಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಕೊಯ್ದ ಪ್ರತಿಯೊಂದರ ಲೆಕ್ಕವಿಡಬೇಕು. ಸಂದೇಹ ಬಂದರೆ ಚೂರಿಯನ್ನು ಕೆಳಗಿಟ್ಟು ಡಾಕ್ಟರನ್ನು ಕರೆಯಬೇಕು. ರೋಗದ ಕೊನೆಯ ತೀರ್ಮಾನ ಪೆಥಾಲಜಿಸ್ಟರದೇ. ಅವರ ಸಮಯ ಸೂಕ್ಷ್ಮದರ್ಶಕಕ್ಕೆ ಉಳಿಯುತ್ತದೆ. ಚೂರಿಯ ಕೆಲಸಕ್ಕೆ ನೆಲೆಯಾಗಿ ನಿಂತ, ಪಳಗಿದ ಕೈ ಸಿಕ್ಕುತ್ತದೆ.

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ದೊಡ್ಡ ಪರಂಪರೆಯಿಲ್ಲವೆಂದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿ ತೆರೆದಾಗ ಅದರ ಪ್ರಯೋಗಶಾಲೆಯನ್ನು ಕಟ್ಟಿದವರು ಡಾ. ವಸಂತ ಖಾನೋಲಕರರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರದು. ನಮ್ಮ ಸೀಮೆಗೆ ತೀರ ದೂರವಲ್ಲದ ಬಾರ್ಶಿಯಲ್ಲಿ ೧೯೮೭ರಲ್ಲಿ ಕ್ಯಾನ್ಸರ್ ನೋಂದಣಿ ಶುರುವಾಯಿತು. ದೇಶದಲ್ಲಿ ಹಳ್ಳಿಗರಿಗಾಗಿ ಅಂಥದು ಅದೇ ಮೊದಲು. ಆದರೆ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಕೊಯ್ಯುವ ಕೆಲಸ ಸಾಮಾನ್ಯವಾಗಿ ಎಂ.ಡಿ. ಓದುವ ತರುಣ ವೈದ್ಯರದು. ಮೂರು ವರ್ಷ ಕಲಿತು, ಕೈ ಕೂಡುವ ಹೊತ್ತಿಗೆ ಅವರು ಬೇರೆ ಕಡೆಗೆ ಹೋಗುತ್ತಾರೆ. ಇಪ್ಪತ್ತು ವರ್ಷ ಅಲ್ಲಿಯೇ ಇರುವ ತಂತ್ರಜ್ಞ ಪಕ್ಕದಲ್ಲಿ ನಿಂತು ನೋಡುತ್ತಾನೆ. ಲಾತೂರ, ಸೊಲ್ಲಾಪುರ, ಬೀದರಗಳ ಪ್ರಯೋಗಶಾಲೆಗಳಲ್ಲಿ ಹಿರಿಯ ಪೆಥಾಲಜಿಸ್ಟರ ಕಣ್ಣೆದುರಿನಲ್ಲಿ ಅಂಥ ಒಬ್ಬಿಬ್ಬರನ್ನಾದರೂ ವಿಧಿವತ್ತಾಗಿ ತಯಾರು ಮಾಡಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಉಮರ್ಗಾ, ನಿಲಂಗಾ, ಉದಗೀರಗಳ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷು ಎಂದು ಮೂರು ಭಾಷೆಗಳನ್ನು ನಿಭಾಯಿಸುವವರು. ಕಂಡುದನ್ನು ತಪ್ಪಿಲ್ಲದೆ ಹೇಳುವ ಈ ವಿದ್ಯೆ ಅವರಿಗೆ ಒಗ್ಗದೆ ಇರದು.

ಅಲ್ಲಿಯವರೆಗೆ ಮನೆಯವರು ಇಷ್ಟನ್ನು ನೆನಪಿಡಿರಿ. ಶಸ್ತ್ರಕ್ರಿಯೆಯಾದ ಭಾಗ ನಿಮ್ಮ ಕೈಗೆ ಬಂದರೆ ಡಬ್ಬಿಯ ಬಾಯಿ ಅಗಲವಾಗಿರಲಿ. ಫಾರ್ಮಲಿನ್ ಔಷಧವು ಆ ಭಾಗದ ಹತ್ತು ಪಟ್ಟಾದರೂ ಇರಲಿ. ಬರಿಯ ನೀರು ಬೇಡ. ಔಷಧವು ಒಳಗಿಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರಿನಂತೆ, ಆಳಕ್ಕೆ ಹೋದಂತೆ ಇನ್ನೂ ನಿಧಾನವಾಗಿ. ಆದುದರಿಂದ ತಡಮಾಡದೆ ತಲುಪಿಸಿರಿ; ದಾರಿ ದೂರವಿದ್ದರೆ ಮೊದಲೇ ಡಾಕ್ಟರನ್ನು ಕೇಳಿರಿ. ನೀವಾಗಿಯೇ ತೆರೆಯಬೇಡಿರಿ. ಹೆಸರು, ವಯಸ್ಸು, ಯಾವ ಮಗ್ಗುಲು ಎಂಬುದು ಡಬ್ಬಿಯ ಮೈಮೇಲೆಯೇ ಬರೆದಿರಲಿ, ಮುಚ್ಚಳದ ಮೇಲಲ್ಲ. ವರದಿಯಲ್ಲಿ ಅಂಚಿನ ಮಾತೂ ಗ್ರಂಥಿಗಳ ಲೆಕ್ಕವೂ ಇವೆಯೇ ಎಂದು ವಿನಯದಿಂದ ಕೇಳಿರಿ. ಕೇಳುವುದು ಅಪರಾಧವಲ್ಲ.

ಇಂದಿಗೂ ಡಬ್ಬಿಯ ಮುಚ್ಚಳ ತೆರೆಯುವ ಮುನ್ನ ಮೇಲಿನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ಅದು ನಿಯಮವೂ ಹೌದು. ಆದರೆ ಆ ಹೆಸರಿನವಳು ಎಲ್ಲಿಯೋ ಹಾಸಿಗೆಯಲ್ಲಿ ಮಲಗಿ, ಚಿಗವ್ವ ಕೇಳಿದ್ದನ್ನೇ ಯಾರನ್ನೋ ಕೇಳುತ್ತಿರುತ್ತಾಳೆ: “ಏನಂತು ಅದು?” ಅವಳಿಗೆ ಉತ್ತರ ಸಿಕ್ಕಬೇಕು.