ಕಪ್ಪು ಧೂಳಿನ ಬಯಲಲ್ಲಿ ಒಂದು ಮಧ್ಯಾಹ್ನ

ರೇಕ್ಯಾವಿಕ್‌ನಲ್ಲಿ ಬಾಡಿಗೆ ಕಾರಿನ ಕೀ ಕೊಡುವಾಗ ಕೌಂಟರಿನ ಹುಡುಗಿ ಕೇಳಿದಳು, “ಮರಳು-ಬೂದಿ ಇನ್ಶೂರೆನ್ಸ್ ಬೇಕಾ?” ನಾನೂ ನಮ್ಮನೆಯವರೂ ಮುಖ ಮುಖ ನೋಡಿಕೊಂಡೆವು. ಆಕ್ಸಿಡೆಂಟಿಗೆ ಇನ್ಶೂರೆನ್ಸ್ ಗೊತ್ತು, ಬೂದಿಗೂ ಇದೆಯಾ? ಗಾಳಿ ಜೋರಾದರೆ ಜ್ವಾಲಾಮುಖಿಯ ಮರಳು ಕಾರಿನ ಪೇಂಟನ್ನೇ ಕೆರೆದು ಹಾಕುತ್ತದಂತೆ. ಸರಿ, ಮಾಡಿಸಿದೆವು.

ನನಗೆ ಚಿಕ್ಕಂದಿನಿಂದ ವೀಜಿಂಗ್. ಬೆಂಗಳೂರು ಬಿಡುವಾಗ ಅಮ್ಮ, “ಐಸ್‌ಲ್ಯಾಂಡಿನ ಗಾಳಿ ಶುದ್ಧವಂತೆ, ಏನೂ ಆಗಲ್ಲ ಬಿಡು” ಅಂದಿದ್ದರು. ಆ ಧೈರ್ಯಕ್ಕೋ ಏನೋ, ಇನ್ಹೇಲರ್ ರೂಮಿನಲ್ಲೇ ಉಳಿದುಬಿಟ್ಟಿತ್ತು. ಗೊತ್ತಾಗಿದ್ದು ಸುಮಾರು 190 ಕಿ.ಮೀ. ದೂರದ ವೀಕ್ ಎಂಬ ಕಡಲತೀರದ ಊರು ತಲುಪಿದ ಮೇಲೆ.

ವೀಕ್‌ನಿಂದ ಪೂರ್ವಕ್ಕೆ ಹೊರಟರೆ ಮಿರ್ದಾಲ್‌ಸಾಂದುರ್. ಕಣ್ಣು ಹಾಯುವವರೆಗೂ ಕಪ್ಪು ಮರಳಿನ ಬಯಲು. ಹಿಮದಡಿ ಮಲಗಿರುವ ಕಾಟ್ಲಾ ಜ್ವಾಲಾಮುಖಿ ಸಿಡಿದಾಗಲೆಲ್ಲ ಹಿಮ ಕರಗಿ, ಪ್ರವಾಹವಾಗಿ, ಬೂದಿ-ಮರಳು ತಂದು ಇಲ್ಲಿ ಸುರಿದಿದೆ. ಕೊನೆಯ ದೊಡ್ಡ ಸ್ಫೋಟ 1918ರಲ್ಲಿ. ಆದರೆ ಇಲ್ಲಿ ಧೂಳೇಳಲು ಜ್ವಾಲಾಮುಖಿ ಇವತ್ತೇ ಸಿಡಿಯಬೇಕಿಲ್ಲ, ಗಾಳಿ ಬೀಸಿದರೆ ಸಾಕು.

ಅವತ್ತು ಬೀಸಿತು. ಹತ್ತೇ ನಿಮಿಷದಲ್ಲಿ ಎದುರಿನ ರಸ್ತೆ ಮಾಯ. ಕಿಟಕಿ ಮುಚ್ಚಿದ್ದರೂ ಗಂಟಲಲ್ಲಿ ಕಿರಿಕಿರಿ, ಎದೆಯಲ್ಲಿ ಸಣ್ಣಗೆ ಸೀಟಿ ಶುರು. ನಮ್ಮನೆಯವರು ಒಂದೂ ಮಾತಾಡದೆ ಕಾರು ತಿರುಗಿಸಿದರು.

ವೀಕ್‌ನ ಕೆಫೆಯಲ್ಲಿ ಬಿಸಿ ಸೂಪ್ ಕುಡಿದು ಉಸಿರು ಹದಕ್ಕೆ ಬಂದ ಮೇಲೆ, “ಮಣ್ಣಿನ ಧೂಳು ತಾನೇ, ವಿಷ ಏನಲ್ವಲ್ಲ” ಅಂದೆ. ಕೆಮಿಸ್ಟ್ರಿ ಓದಿದ ಮನುಷ್ಯ ಸುಮ್ಮನಿರ್ತಾರಾ? ಅವರು ಹೇಳಿದ್ದು ಇಷ್ಟು.

ಈ ಧೂಳಿನ ಕಣ ಹೆಚ್ಚಾಗಿ ಗಾಜು. ಅದರಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ಟೈಟಾನಿಯಂ ಇರುತ್ತವೆ. ಗಾಳಿಯ ತೇವ ಅದರ ಮೈಮೇಲೆ ತೆಳುವಾಗಿ ಕೂತಿರುತ್ತದೆ. ಹಡಗಿನ ಹೊಗೆಯಿಂದಲೋ ಜ್ವಾಲಾಮುಖಿಯಿಂದಲೋ ಬಂದ ಸಲ್ಫರ್ ಡೈಆಕ್ಸೈಡ್ ಅಲ್ಲಿ ಅಂಟಿಕೊಂಡು ಮೊದಲು ಸಲ್ಫೈಟ್, ಆಮೇಲೆ ಸಲ್ಫೇಟ್ ಆಗುತ್ತದೆ. ಆಗ ಆ ಕಣ ಹಳೆಯ ಕಣವಲ್ಲ, ಇನ್ನಷ್ಟು ನೀರು ಹೀರುವ, ಮೋಡದ ಹನಿಗೆ ಬೀಜವಾಗಬಲ್ಲ ಬೇರೆಯೇ ಕಣ.

“ಹಾಗಾದ್ರೆ ಧೂಳು ಗಾಳಿ ಕ್ಲೀನ್ ಮಾಡುತ್ತೆ ಅನ್ನಿ!”

“ಅರ್ಧ ನಿಜ” ಅಂದರು. ವಾಹನದ ಹೊಗೆಯ ನೈಟ್ರೋಜನ್ ಡೈಆಕ್ಸೈಡ್‌ನದು ಬೇರೆ ಕಥೆ. ಬಿಸಿಲಿದ್ದಾಗ ಧೂಳು ಅದನ್ನು ಹಿಡಿದು, ಅದರಲ್ಲಿ ಒಂದು ಪಾಲನ್ನು ನೈಟ್ರಸ್ ಆಮ್ಲದ ಅನಿಲವಾಗಿಸಿ ವಾಪಸ್ ಗಾಳಿಗೇ ಬಿಡುತ್ತದೆ. ಅದು ಬಿಸಿಲಿಗೆ ಒಡೆದು, ಓಝೋನ್ ಹುಟ್ಟುವುದಕ್ಕೆ ದಾರಿ ಮಾಡುತ್ತದೆ. ಅಂದರೆ ನುಂಗುವುದೂ ಧೂಳೇ, ಬೇರೆ ರೂಪದಲ್ಲಿ ಉಗುಳುವುದೂ ಧೂಳೇ!

ಖಾಲಿ ಬಯಲಲ್ಲಿ ಹೊಗೆ ಎಲ್ಲಿಂದ ಅಂತೀರಾ? ಈ ಧೂಳು ಬಯಲಲ್ಲೇ ನಿಲ್ಲುವುದಿಲ್ಲ. ಗಾಳಿ ತಿರುಗಿದರೆ ರೇಕ್ಯಾವಿಕ್‌ನ ಟ್ರಾಫಿಕ್ ಮೇಲೂ ಬರುತ್ತದೆ. 2014ರ ಆಗಸ್ಟ್ ಕೊನೆಯಿಂದ 2015ರ ಫೆಬ್ರವರಿವರೆಗೆ ಹೋಲುಹ್ರೌನ್‌ನಲ್ಲಿ ಲಾವಾ ಹರಿದಾಗ ಅದರ ಸಲ್ಫರ್ ಅನಿಲ ಸಮುದ್ರ ದಾಟಿ ಯೂರೋಪಿಗೂ ಹೋಗಿತ್ತು. ಆ ಲಾವಾ ಹರಿದಿದ್ದೂ ಇಂಥದೇ ಒಂದು ಧೂಳಿನ ಬಯಲಲ್ಲಿ.

ಅವತ್ತು ರೇಕ್ಯಾವಿಕ್‌ಗೆ ವಾಪಸ್ ಹೋದೆವು. ಎರಡು ದಿನ ಬಿಟ್ಟು, ಸೋನೆ ಮಳೆಯಲ್ಲಿ ಅದೇ ಬಯಲು ದಾಟಿದೆವು. ಒದ್ದೆ ಮರಳು ಮಿಸುಕಾಡಲಿಲ್ಲ. ಇನ್ಹೇಲರ್ ಈ ಸಲ ಜಾಕೆಟ್ ಜೇಬಿನಲ್ಲಿತ್ತು.

ನೀವು ಹೋಗುವುದಾದರೆ ಹೊರಡುವ ಮುಂಚೆ ಗಾಳಿಯ ಮುನ್ಸೂಚನೆ ನೋಡಿ. ರಸ್ತೆ ಮಸುಕಾದರೆ ಹಠ ಮಾಡದೆ ತಿರುಗಿ ಬನ್ನಿ, ಕಾರಿನ ಪೇಂಟಿಗೆ ಇನ್ಶೂರೆನ್ಸ್ ಸಿಗುತ್ತೆ.

ರಾತ್ರಿ ಅಮ್ಮನ ಫೋನ್. “ಗಾಳಿ ಹೇಗಿದೆಯೇ?”

“ಚೆನ್ನಾಗಿದೆಯಮ್ಮ, ಮಳೆ ಬಂದಾಗ” ಅಂದೆ.