ಷೆಡ್ಡಿನಲ್ಲಿದ್ದ ಪದ್ಮಿನಿ



ನಾನು ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಓದಿದವಳು. ನನಗೆ 'ರೆಸ್ಟೊರೇಶನ್' ಎಂದರೆ 1660ರಲ್ಲಿ ಇಂಗ್ಲೆಂಡಿನ ಗದ್ದುಗೆಗೆ ಮರಳಿದ ಎರಡನೇ ಚಾರ್ಲ್ಸ್ ದೊರೆ ಮತ್ತು ಆ ಕಾಲದ ನಾಟಕಗಳು. ಮೆಕಾನಿಕಲ್ ಇಂಜಿನಿಯರಿಂಗ್ ಮುಗಿಸಿದ ಮಗ ಪುಣೆಯ ಸಾಫ್ಟ್‌ವೇರ್ ನೌಕರಿ ಒಲ್ಲೆನೆಂದು, "ಅವ್ವಾ, ನಾ ಹಳೇ ಕಾರ್ ರೆಸ್ಟೊರೇಶನ್ ಮಾಡ್ತೀನಿ" ಎಂದಾಗ ನನ್ನ ಕಣ್ಣಿಗೆ ಕಂಡದ್ದು ಗ್ರೀಸ್ ಹತ್ತಿದ ಕೈ ಮಾತ್ರ.

ಪ್ರತಾಪ ನಗರದ ನಮ್ಮ ಮನೆಯ ಹಿಂದಿನ ಷೆಡ್ಡಿನಲ್ಲಿ ಮಾವನವರ 1979ರ ಪ್ರೀಮಿಯರ್ ಪದ್ಮಿನಿ ತಾಡಪತ್ರಿ ಹೊದ್ದು ನಿಂತಿತ್ತು. ಅದರಿಂದಲೇ ಶುರುಮಾಡಿದ. ಆರು ತಿಂಗಳು ಎಂದವನಿಗೆ ಎರಡು ವರ್ಷ ಹಿಡಿಯಿತು. ಮೇಲಿನ ಬಣ್ಣವೇನೋ ಚೆನ್ನಾಗಿಯೇ ಇತ್ತು. ಕೆರೆದು ನೋಡಿದರೆ ಹಿಂದೆ ಯಾರೋ ಮೆತ್ತಿದ ಪುಟ್ಟಿ, ಪುಟ್ಟಿಯ ಕೆಳಗೆ ತುಕ್ಕು. ಬಾಗಿಲ ಕೆಳಗೆ ಬೆರಳು ಒತ್ತಿದರೆ ತೂತು! ಕೆಟ್ಟ ತಗಡನ್ನು ಕತ್ತರಿಸಿ, ಹೊಸ ತಗಡನ್ನು ಅದೇ ಬಾಗಿಗೆ ಬಡಿದು, ವೆಲ್ಡ್ ಮಾಡಿ, ಬಾಗಿಲು ಸರಿಯಾಗಿ ಕೂಡುತ್ತದೆಯೋ ನೋಡಬೇಕು. ಆಮೇಲೆ ಪ್ರೈಮರ್, ಉಜ್ಜುವುದು, ಮತ್ತೆ ಪ್ರೈಮರ್, ಮತ್ತೆ ಉಜ್ಜುವುದು. ನಾಗಪುರದ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. 1089 ಸಿ.ಸಿ. ಇಂಜಿನ್ನನ್ನು ಅವನು ಪುಸ್ತಕ ನೋಡಿ ಬಿಚ್ಚಿ ಕಟ್ಟಿದ; ತಗಡು ಬಡಿಯಲು ಕಲಿಸಿದವರು ನಾಲ್ಕನೇ ಇಯತ್ತೆ ಓದಿದ ಒಬ್ಬ ಮುದುಕ ಮಿಸ್ತ್ರಿ.

ಆ ಎರಡು ವರ್ಷ ನಾನು ಹುಬ್ಬಳ್ಳಿಯ ಬಂಧುಗಳಿಗೆ, "ಅವ ಆಟೊಮೊಬೈಲ್ ಕಂಪನಿಯೊಳಗ ಇದ್ದಾನ" ಎಂದು ಹೇಳುತ್ತಿದ್ದೆ. ಒಂದು ದಿನ ಫೋನಿನಲ್ಲಿ ಹಾಗೆ ಹೇಳುವಾಗ ಅವನು ಬಾಗಿಲಲ್ಲೇ ನಿಂತಿದ್ದ. ಏನೂ ಅನ್ನಲಿಲ್ಲ. ಅಂದು ರಾತ್ರಿ ಊಟಕ್ಕೆ ಬರಲಿಲ್ಲ. ಮರುದಿನ ಚಹಾ ಹಿಡಿದು ಮೊದಲ ಸಲ ಷೆಡ್ಡಿಗೆ ಹೋದೆ. "ಈ ತಗಡು ಒಂಚೂರು ಹಿಡಿ" ಎಂದ. ಹಿಡಿದೆ.

ಈಗ ಗಿರಾಕಿಗಳು ಬರುತ್ತಾರೆ. ಅರ್ಧ ಹುಡುಗರಿಗೆ ಬೇಕಾದದ್ದು ಸದ್ದು ಮತ್ತು ವೇಗ. ದೊಡ್ಡ ಇಂಜಿನ್ ಕೂರಿಸಿ, ಸೈಲೆನ್ಸರ್ ತೆಗೆಯಿರಿ ಎನ್ನುತ್ತಾರೆ. ಇವನು ಒಪ್ಪುವುದಿಲ್ಲ. ನೋಂದಣಿ ಪುಸ್ತಕದಲ್ಲಿರುವ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲವೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ವೇಗದ ಕೆಲಸಕ್ಕೆ ಜಾಗ ರೇಸ್ ಟ್ರ್ಯಾಕು. ಅದನ್ನೇ ಕಲಿಯುವ ಆಸೆಯಿದ್ದರೆ ಟ್ರ್ಯಾಕುಗಳಿರುವ ಚೆನ್ನೈ, ಕೊಯಮತ್ತೂರಿನ ಕಡೆ ಹೋಗಿ. ಅಲ್ಲಿಯೂ ಬ್ರೇಕು ಮೊದಲು, ಇಂಜಿನ್ ಆಮೇಲೆ ಎಂದು ಮಗ ಹೇಳುತ್ತಾನೆ.

ಹಳೆಯ ಗಾಡಿಗೆ ಈಗ ಮಾನವೂ ಬಂದಿದೆ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿ ಸಿಗುತ್ತದೆ. ದಿನನಿತ್ಯ ಓಡಿಸುವಂತಿಲ್ಲ, ಅಷ್ಟೇ. ನಮ್ಮ ಪದ್ಮಿನಿಗೆ ಇನ್ನೂ ಐವತ್ತಾಗಿಲ್ಲ (ನನಗೆ ಆಗಿದೆ!). ಧರ್ಮಸ್ಥಳಕ್ಕೆ ಹೋದಾಗ ಅಲ್ಲಿಯ ಹಳೆಯ ಕಾರುಗಳ ಸಂಗ್ರಹ ನೋಡಿರುತ್ತೀರಿ. ಅವನ್ನೆಲ್ಲ ಯಾರೋ ಒಬ್ಬರ ಕೈ ಕಾಯಬೇಕಲ್ಲ?

ಕಲಿಯಲು ಇಂಜಿನಿಯರಿಂಗೇ ಬೇಕೆಂದಿಲ್ಲ. ಹತ್ತನೆಯ ನಂತರ ಐ.ಟಿ.ಐ.ಯಲ್ಲಿ ಮೋಟಾರ್ ಮೆಕಾನಿಕ್ ಎರಡು ವರ್ಷದ ಕೋರ್ಸು. ಲೆಕ್ಕ ಬರೆಯುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಒಬ್ಬ ಗಿರಾಕಿ ಗಾಡಿ ಬಿಚ್ಚಿಸಿ, ಒಂದು ವರ್ಷ ಹಣವನ್ನೂ ಕೊಡದೆ ಗಾಡಿಯನ್ನೂ ಒಯ್ಯದೆ ಅಂಗಳ ತುಂಬಿಸಿಟ್ಟ. ಅಂದಿನಿಂದ ಅಂದಾಜುಪಟ್ಟಿ, ಫೋಟೋ, ಸಹಿ, ಹಂತ ಹಂತವಾಗಿ ಹಣ. ಆ ವಹಿ ಬರೆಯುವವಳು ನಾನೇ.

ಹೋದ ದೀಪಾವಳಿಗೆ ಹುಬ್ಬಳ್ಳಿಯಿಂದ ಅತ್ತಿಗೆ ಬಂದರು. ಸ್ಟೇಷನ್ನಿಗೆ ಪದ್ಮಿನಿಯಲ್ಲೇ ಹೋದೆವು. "ಇದು ನಿಮ್ಮ ಮಾವನವರ ಗಾಡಿ ಅಲ್ಲೇನು? ಯಾರು ಇಷ್ಟು ಛಂದ ಮಾಡಿಕೊಟ್ರು?" ಎಂದರು. ಇದ್ದದ್ದನ್ನು ಇದ್ದಂತೆ ಹೇಳಿದೆ, ಕಂಪನಿಯ ಸುಳ್ಳನ್ನೂ ಸೇರಿಸಿ. ಒಂದು ಗಳಿಗೆ ಸುಮ್ಮನಿದ್ದವರು, ತಮ್ಮ ಮನೆಯ ಮಾಳಿಗೆ ಕೆಳಗೆ ಬಿದ್ದಿರುವ ಲ್ಯಾಂಬ್ರೆಟಾ ಸ್ಕೂಟರಿನ ಮಾತೆತ್ತಿದರು.