ಕಾನಾಡುಕಾತ್ತಾನಿನ ಬೀಗ ಹಾಕಿದ ಮನೆಗಳು

ಚೆನ್ನೈಗೆ ಬಂದು ಹನ್ನೊಂದು ವರ್ಷವಾದರೂ ಚೆಟ್ಟಿನಾಡು ಅಂದರೆ ನನಗೆ ಹೋಟೆಲಿನ ಬೋರ್ಡಿನ ಮೇಲಿನ ಹೆಸರಷ್ಟೇ. ಸಸ್ಯಾಹಾರಿಯಾದ್ದರಿಂದ ಆ ಬೋರ್ಡಿನಿಂದಲೂ ಹೆಚ್ಚಿನ ಉಪಯೋಗವಿರಲಿಲ್ಲ. ಕಳೆದ ಡಿಸೆಂಬರ್ ರಜೆಯಲ್ಲಿ ಅಲ್ಲಿಗೆ ಹೊರಟಿದ್ದಕ್ಕೆ ಕಾರಣ ಒಂದು ಫೋನು. ತೀರ್ಥಹಳ್ಳಿ ಹತ್ತಿರದ ನಮ್ಮ ತೊಟ್ಟಿ ಮನೆಯಲ್ಲಿ ಅಜ್ಜಿ ಹೋದಮೇಲೆ ಯಾರೂ ಇಲ್ಲ. ದೊಡ್ಡಪ್ಪನ ಮಗ ಫೋನ್ ಮಾಡಿ, "ಯಾರೋ ರೆಸಾರ್ಟಿನವರು ಕಂಬ, ಬಾಗಿಲು ಎಲ್ಲ ಕೇಳ್ತಿದಾರೆ ಕಣೋ. ಹೇಗೂ ಗೆದ್ದಲು ತಿನ್ನತ್ತೆ. ಎಲ್ಲರೂ ಒಪ್ಪಿದಾರೆ, ನಿನ್ನದೊಂದು ಸೈನ್ ಬೇಕು" ಅಂದ. "ಯೋಚನೆ ಮಾಡಿ ಹೇಳ್ತೀನಿ ಅಣ್ಣ" ಅಂದೆ. ಆಫೀಸಿನಲ್ಲಿ ಇದನ್ನು ಹೇಳಿದಾಗ ನಮ್ಮ ಟೀಮಿನ ಗೆಳೆಯನೊಬ್ಬ ನಕ್ಕ. ಅವನು ನಗರತ್ತಾರ್, ಅಂದರೆ ನಾಟ್ಟುಕೋಟೈ ಚೆಟ್ಟಿಯಾರ್ ಸಮುದಾಯದವನು. "ಸೈನ್ ಹಾಕೋ ಮೊದಲು ನಮ್ಮೂರಿಗೊಮ್ಮೆ ಹೋಗಿ ಬಾ" ಅಂದ.

ಎಗ್ಮೋರಿನಿಂದ ಪಲ್ಲವನ್ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿ ಕಾರೈಕುಡಿ. ಮರುದಿನ ಬೆಳಿಗ್ಗೆ ಆಟೋದಲ್ಲಿ ಕಾನಾಡುಕಾತ್ತಾನ್‌ಗೆ. ನೇರವಾದ ಬೀದಿಗಳು, ಎರಡೂ ಕಡೆ ಅರಮನೆಗಳು, ಮನುಷ್ಯರು ಮಾತ್ರ ಇಲ್ಲ. ಕೆಲವು ಮನೆಗಳ ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಆಚೆ ಬೀದಿಗೆ. ನನ್ನ ಮಗಳು, "ಅಪ್ಪಾ, ಇಲ್ಲಿ ಎಲ್ಲರೂ ಎಲ್ಲಿಗೆ ಹೋದ್ರು?" ಅಂದಳು. ಹೋದದ್ದು ಬರ್ಮಾ, ಸಿಲೋನ್, ಮಲಯಾಗಳಿಗೆ. ಅಲ್ಲಿ ಲೇವಾದೇವಿ ಮಾಡಿ ದುಡಿದದ್ದನ್ನು ಇಲ್ಲಿ ಮನೆಯಾಗಿಸಿದರು. ಬರ್ಮಾ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದರು, ಮುಂದೆ ಅಲ್ಲಿಯ ಸರ್ಕಾರ ಜಮೀನು, ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ದುಡ್ಡು ಬರುವ ದಾರಿ ಮುಚ್ಚಿತು, ಮನೆಗಳು ಉಳಿದವು.

ಗೆಳೆಯನ ಮನೆಯ ಕಾವಲಿನ ಅಯ್ಯಾ ಬೀಗದ ಕೈಗಳ ದೊಡ್ಡ ಗೊಂಚಲು ಹಿಡಿದು ಕಾಯುತ್ತಿದ್ದರು. ಹೊರಗೆ ತಿಣ್ಣೈ, ನಮ್ಮ ಜಗಲಿಯ ಹಾಗೆ. ಒಳಗೆ ವಳವು ಎನ್ನುವ ಅಂಗಳ, ನಮ್ಮ ತೊಟ್ಟಿಯ ಹತ್ತು ಪಾಲು. ನಾಲ್ಕೂ ಕಡೆಯ ಮಾಡಿನ ನೀರು ಅದರೊಳಗೇ ಬೀಳುತ್ತದೆ. ಸುಣ್ಣಕ್ಕೆ ಮೊಟ್ಟೆಯ ಬಿಳಿ, ಅಳಲೆಕಾಯಿ ರಸ ಸೇರಿಸಿ ಉಜ್ಜಿದ ಗೋಡೆ. ಮುಟ್ಟಿದರೆ ಈಗಲೂ ತಣ್ಣಗೆ, ನುಣ್ಣಗೆ ಇದೆ. ಅಂಗಳದ ಸುತ್ತ ಸಾಲು ಕೋಣೆಗಳು, ಒಂದೊಂದಕ್ಕೂ ಬೇರೆ ಬೀಗ. ಮದುವೆಯಾದ ಪ್ರತಿ ಮಗನಿಗೂ ಒಂದು ಕೋಣೆ. ಮಗನ ಕಾಲವಾದ ಮೇಲೆ ಅದು ಅವನ ಮಕ್ಕಳಿಗೆ. ಈಗ ಒಂದು ಕೋಣೆಯ ವಾರಸುದಾರರು ಸಿಂಗಪುರದಲ್ಲಿ, ಇನ್ನೊಂದರವರು ಕೊಯಮತ್ತೂರಿನಲ್ಲಿ. ಗೊಂಚಲಿನ ಕೈಗಳಿಂದ ತೆರೆಯದ ಕೋಣೆಗಳೂ ಇದ್ದವು.

ಎಲ್ಲರ ಸಹಿ ಇಲ್ಲದೆ ಇಂಥ ಮನೆ ಮಾರುವಂತಿಲ್ಲ. ಸುಮಾರು ಮನೆಗಳನ್ನು ಉಳಿಸಿದ್ದು ಇದೇ, ಕೆಡವಿದ್ದೂ ಇದೇ. ಒಬ್ಬ ಒಪ್ಪದಿದ್ದರೆ ಮಾರಾಟವಿಲ್ಲ, ಒಬ್ಬ ದುಡ್ಡು ಕೊಡದಿದ್ದರೆ ರಿಪೇರಿಯೂ ಇಲ್ಲ. ಎರಡು ಬೀದಿ ಆಚೆ ಮಾಡು ಕುಸಿದು, ಅಂಗಳದಲ್ಲಿ ಅರಳಿ ಗಿಡ ಎದ್ದ ಮನೆ ನೋಡಿದೆವು.

ಗೆಳೆಯನ ಮನೆಯವರು ಮಾಡಿಕೊಂಡ ವ್ಯವಸ್ಥೆ ಬಹಳ ಸಾದಾ. ಮೂರು ಕವಲು, ವರ್ಷಕ್ಕೊಂದು ಕವಲಿನ ಸರದಿ. ಸರದಿಯವರು ಹೆಂಚು ನೋಡಬೇಕು, ಅಯ್ಯಾನ ಸಂಬಳ ಕೊಡಬೇಕು, ದೀಪ ಹಚ್ಚಿಸಬೇಕು. ಕುಟುಂಬದಲ್ಲಿ ಮದುವೆಯಾದರೆ ಒಂದು ಶಾಸ್ತ್ರವಾದರೂ ಇಲ್ಲಿಯೇ ಆಗಬೇಕು. ಕಾರ್ತಿಕ ದೀಪದ ನಂತರ ಇಪ್ಪತ್ತೊಂದನೇ ದಿನ ಬರುವ ಪಿಳ್ಳೈಯಾರ್ ನೋಂಬಿಗೆ ಆದಷ್ಟು ಜನ ಬರುತ್ತಾರೆ. "ಹೆಂಚಿಗಿಂತ ಜಾಸ್ತಿ ಮನುಷ್ಯರ ಓಡಾಟ ಬೇಕು ಸಾರ್" ಅಂದರು ಅಯ್ಯಾ ತಮಿಳಿನಲ್ಲಿ.

ಬೇರೆ ದಾರಿಗಳೂ ಇವೆ. ಕಾರೈಕುಡಿಯ ಒಂದು ಕುಟುಂಬ ತನ್ನ ಬಂಗಲೆಯನ್ನೇ ಹೋಟೆಲ್ ಮಾಡಿದೆ. ಕೋತಮಂಗಲದ ಶಾರದಾ ವಿಲಾಸವನ್ನು ಇಬ್ಬರು ಫ್ರೆಂಚ್ ವಾಸ್ತುಶಿಲ್ಪಿಗಳು ದುರಸ್ತಿ ಮಾಡಿ ಅತಿಥಿಗಳಿಗೆ ತೆರೆದಿದ್ದಾರೆ. 2014ರಲ್ಲಿ ಚೆಟ್ಟಿನಾಡಿನ ಹಳ್ಳಿಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಪಟ್ಟಿಯಿಂದ ಮಾಡು ಸೋರುವುದು ನಿಲ್ಲುವುದಿಲ್ಲ, ಆದರೆ ಬಂದ ಪ್ರವಾಸಿಗರಿಂದ ಆತ್ತಂಗುಡಿಯಲ್ಲಿ ಗಾಜಿನ ಮೇಲೆ ಬಣ್ಣ ಸುರಿದು ಟೈಲ್ಸ್ ಮಾಡುವವರಿಗೆ ಕೆಲಸವಂತೂ ಸಿಕ್ಕಿದೆ.

ನನ್ನನ್ನು ಕಲಕಿದ್ದು ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿ. ಬಿಚ್ಚಿ ಮಾರಿದ ಮನೆಗಳು ಬಂದು ಸೇರುವುದು ಅಲ್ಲಿನ ಅಂಗಡಿಗಳಿಗೆ. ಕಂಬಗಳನ್ನು ಕಬ್ಬಿನ ಜಲ್ಲೆಗಳ ಹಾಗೆ ಗೋಡೆಗೆ ಒರಗಿಸಿದ್ದರು. ಇನಾಮೆಲ್ ಡಬ್ಬಿ, ರವಿವರ್ಮನ ಚಿತ್ರಗಳು, ಬಾಗಿಲ ಮೇಲಿನ ಗಜಲಕ್ಷ್ಮಿ. ಒಂದು ಮೂಲೆಯಲ್ಲಿ ಯಾರದೋ ಅಜ್ಜ ಅಜ್ಜಿಯ ಫೋಟೋ, ಕಟ್ಟಿನ ಮೇಲೆ ಒಣಗಿದ ಗಂಧ ಹಾಗೇ ಇತ್ತು. ಫ್ರೇಮ್ ಚೆನ್ನಾಗಿದೆ, ಫೋಟೋ ಬೇಡದಿದ್ದರೆ ತೆಗೆದುಕೊಡ್ತೇವೆ ಅಂದ ಅಂಗಡಿಯವ. ನನ್ನ ಹೆಂಡತಿ ಹೊರಗೆ ಹೋಗಿ ನಿಂತಳು.

ಎಲ್ಲ ಮನೆಯನ್ನೂ ನಿಂತಲ್ಲೇ ಉಳಿಸಲಾಗದು, ಗೊತ್ತು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ನಮ್ಮ ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ ನೇಕಾರರ ಮನೆಯೇ ಇದೆ, ನೋಡದವರು ನೋಡಿ. ಆದರೆ ಅಲ್ಲಿ ಮನೆ ಮನೆಯಾಗಿಯೇ ಉಳಿಯಿತು. ನಮ್ಮ ಹಲಸಿನ ಕಂಬಗಳು ಹೋಗುವುದು ರೆಸಾರ್ಟಿನ ರಿಸೆಪ್ಶನ್‌ಗೆ.

ವಾಪಸ್ ಬರುವಾಗ ರೈಲಿನಿಂದಲೇ ಅಣ್ಣನಿಗೆ ಫೋನ್ ಮಾಡಿ ಸರದಿಯ ವಿಷಯ ಹೇಳಿದೆ. ನಮ್ಮದು ನಾಲ್ಕು ಕವಲು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹೇಳೋದು ಸುಲಭ ಕಣೋ. ಇಲ್ಲಿ ಆಳು ಹುಡುಕೋನು ನಾನು, ನೀನು ಮದ್ರಾಸಲ್ಲಿ ಕೂತಿರ್ತೀಯ."

ಅದು ಸುಳ್ಳಲ್ಲ. ಮೊದಲ ವರ್ಷ ನನ್ನದೇ ಇರಲಿ, ನಾನೇ ಬರ್ತೀನಿ ಅಂದೆ.

"ಹಾಗಾದ್ರೆ ಏಪ್ರಿಲ್‌ನಲ್ಲೇ ಬಾ. ಮಳೆ ಹಿಡಿಯೋಕ್ಕೆ ಮುಂಚೆ ಅಡುಗೆಮನೆ ಕಡೆ ಹೆಂಚು ಇಳಿಸಿ ಹೊದಿಸಬೇಕು. ರಜ ಹದಿನೈದು ದಿನ ಹಾಕು, ಎರಡು ದಿನಕ್ಕೆ ಬಂದು ಫೋಟೋ ತೆಗೆದು ಹೋಗೋದಲ್ಲ."

ರಜೆಗೆ ಅರ್ಜಿ ಹಾಕಿದ್ದೇನೆ. ಮ್ಯಾನೇಜರ್ ಇನ್ನೂ ಒಪ್ಪಿಲ್ಲ.